ಹಳೆಯ ವಾಹನಗಳ ಪ್ರದರ್ಶನ: ತೀರ್ಪುಗಾರರ ಕೈಯಲ್ಲಿ ಇರಬೇಕಾದ ಸಲಕರಣೆಗಳು

ಪುಣೆಯನ್ನು ವಿದ್ಯಾನಗರಿಯೆಂದು ಕರೆಯುವಂತೆಯೇ ಮೋಟಾರು ವಾಹನಗಳ ನಗರಿಯೆಂದೂ ಕರೆಯಬಹುದು. ಪಿಂಪ್ರಿಯಲ್ಲಿ ಟಾಟಾ ಮೋಟರ್ಸ್, ಆಕುರ್ಡಿಯಲ್ಲಿ ಬಜಾಜ್ ಆಟೋ, ವೇತಾಳ ಟೇಕಡಿಯ ಮೇಲೆ 1966ರಲ್ಲಿ ಸ್ಥಾಪನೆಯಾದ ಭಾರತೀಯ ಮೋಟಾರು ವಾಹನ ಸಂಶೋಧನಾ ಸಂಸ್ಥೆ, ಅಂದರೆ ಎ.ಆರ್.ಎ.ಐ. ಹೀಗೆ ಈ ಊರಿನ ಬದುಕಿನೊಡನೆ ಗಾಲಿ, ಎಂಜಿನ್ನುಗಳ ನಂಟು ಬಹು ಗಾಢವಾದುದು. ಇಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಇಂತಹ ಕಾರ್ಖಾನೆಗಳ ಅನ್ನ ಉಂಡವರು ಕಡಿಮೆಯೇನಲ್ಲ. ಜೋಡಣೆಯ ವಿಭಾಗದಲ್ಲೋ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲೋ ದಶಕಗಳ ಕಾಲ ದುಡಿದು ನಿವೃತ್ತರಾದ ಹಿರಿಯರಿಗೆ, ಹಳೆಯ ಕಾರು ಮತ್ತು ಬೈಕುಗಳ ಪ್ರದರ್ಶನದಲ್ಲಿ ತೀರ್ಪುಗಾರರಾಗಿ ಬರಬೇಕೆಂಬ ಕರೆ ಬರುವುದು ಸಹಜ. ಅಂಥವರಿಗೂ, ಅವರೊಡನೆ ಸಹಾಯಕರಾಗಿ ಹೋಗುವ ಮಕ್ಕಳು ಮೊಮ್ಮಕ್ಕಳಿಗೂ ಉಪಯೋಗವಾಗಲೆಂದು ಈ ಲೇಖನ.

ತೀರ್ಪುಗಾರರಿಗೆ ಬೇಕಾದುದು ವಾಹನಗಳ ಜ್ಞಾನವೊಂದೇ, ಕೈಯಲ್ಲಿ ಹಿಡಿಯುವ ಪ್ಯಾಡು, ಪೆನ್ನುಗಳ ಬಗ್ಗೆ ಹೇಳುವುದೇನಿದೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಹಳೆಯ ವಾಹನವೊಂದನ್ನು ಮತ್ತೆ ಓಡುವಂತೆ ಮಾಡಲು ಅದರ ಮಾಲೀಕರು ವರ್ಷಗಟ್ಟಲೆ ಶ್ರಮಿಸಿರುತ್ತಾರೆ. ಬುಧವಾರ ಮತ್ತು ಭಾನುವಾರಗಳಂದು ಕೂಡುವ ಜುನಾ ಬಾಜಾರಿನಲ್ಲಿ ಒಂದು ಹಿತ್ತಾಳೆಯ ಕೊಂಡಿಗಾಗಿ ಅಲೆದಿರುತ್ತಾರೆ. ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳ ಮೆಟ್ಟಿಲು ಹತ್ತಿ ಇಳಿದಿರುತ್ತಾರೆ. ಅಂತಹ ವಾಹನದ ಮುಂದೆ ತೀರ್ಪುಗಾರರು ನಿಲ್ಲುವುದು ಐದಾರು ನಿಮಿಷ ಮಾತ್ರ. ಆ ಅವಧಿಯಲ್ಲಿ ಕಣ್ಣಿಗೆ ಕಂಡದ್ದು ಸರಿಯಾಗಿ ಕಾಗದದ ಮೇಲೆ ಇಳಿಯದಿದ್ದರೆ ವರ್ಷಗಳ ಶ್ರಮಕ್ಕೆ ಅನ್ಯಾಯವಾಗುತ್ತದೆ. ಪ್ಯಾಡಿನ ಲೋಹದ ಅಂಚು ತಾಗಿ ಬಣ್ಣದ ಮೇಲೆ ಗೀರು ಬಿದ್ದರಂತೂ ಆ ಹಾನಿಯನ್ನು ಯಾವ ಬಹುಮಾನವೂ ತುಂಬಿಕೊಡಲಾರದು.

ಆದ್ದರಿಂದ ಸಲಕರಣೆಗಳನ್ನು ಆರಿಸುವಾಗ ಎರಡೇ ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಈ ವಸ್ತುವಿನಿಂದ ವಾಹನಕ್ಕೆ ಹಾನಿಯಾಗುವ ಸಂಭವವಿದೆಯೇ? ನಾನು ಕಂಡದ್ದು ನಷ್ಟವಾಗದೆ ಅಂಕ ಕೂಡಿಸುವ ಮೇಜಿನವರೆಗೆ ತಲುಪಲು ಇದು ನೆರವಾಗುತ್ತದೆಯೇ? ಈ ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ನೀಡದ ವಸ್ತು ಎಷ್ಟೇ ಬೆಲೆಬಾಳುವುದಾದರೂ ಮನೆಯಲ್ಲಿಯೇ ಇರಲಿ.

ತೀರ್ಪಿನ ಪದ್ಧತಿಗಳು

ಯಾವ ಕೆಲಸಕ್ಕಾಗಿ ಸಲಕರಣೆ ಎಂಬುದು ಮೊದಲು ತಿಳಿದಿರಬೇಕು. ಹಳೆಯ ವಾಹನಗಳ ತೀರ್ಪಿನಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಒಟ್ಟಂದವನ್ನು ನೋಡುವ ದಾರಿ. ವಾಹನದ ರೂಪ, ಶೈಲಿ, ಅಪರೂಪತೆ, ಇತಿಹಾಸ ಇವುಗಳನ್ನು ಕಂಡು ತೀರ್ಪುಗಾರರು ತಮ್ಮ ಅಭಿಪ್ರಾಯ ಕೊಡುತ್ತಾರೆ. ಎರಡನೆಯದು ಅಂಕಗಳ ದಾರಿ. ಪೂರ್ಣಾಂಕದಿಂದ ಆರಂಭಿಸಿ, ಕಂಡ ಒಂದೊಂದು ಲೋಪಕ್ಕೂ ಅಂಕ ಕಳೆಯುತ್ತ ಹೋಗುವುದು. 1935ರಲ್ಲಿ ಸ್ಥಾಪನೆಯಾದ ಅಮೆರಿಕದ ಆ್ಯಂಟಿಕ್ ಆಟೋಮೊಬೈಲ್ ಕ್ಲಬ್ಬಿನಲ್ಲಿ 400 ಅಂಕಗಳ ಪದ್ಧತಿಯಿದೆ. ಹೊರಮೈ, ಒಳಾಂಗಣ, ಚಾಸಿ, ಎಂಜಿನ್ ಎಂದು ಭಾಗ ಮಾಡಿ, ಒಂದೊಂದು ಭಾಗವನ್ನು ತಂಡದ ಒಬ್ಬೊಬ್ಬರಿಗೆ ವಹಿಸಲಾಗುತ್ತದೆ. ಬೇರೆ ಕಡೆ 100 ಅಂಕಗಳ ಪದ್ಧತಿಯೂ ಬಳಕೆಯಲ್ಲಿದೆ.

ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ ದೊಡ್ಡ ಪರಂಪರೆಯಿದೆ. ಸ್ಟೇಟ್ಸ್‌ಮನ್ ಪತ್ರಿಕೆಯ ಹಳೆಯ ಕಾರುಗಳ ರ‍್ಯಾಲಿ ದಿಲ್ಲಿಯಲ್ಲಿ 1964ರಲ್ಲಿ ಆರಂಭವಾಯಿತು. ಮುಂಬಯಿಯಲ್ಲಿ ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾ, ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್ ಈ ಕ್ಷೇತ್ರದಲ್ಲಿ ಹೆಸರಾದವು. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಹಳೆಯ ಕಾರುಗಳ ಸಂಗ್ರಹ ಕನ್ನಡಿಗರಿಗೆಲ್ಲ ಪರಿಚಿತವೇ. ಕಾಲದ ವಿಂಗಡಣೆಗೆ, 1966ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಒಕ್ಕೂಟ ‘ಫಿವಾ’ದ ಕ್ರಮವನ್ನು ನೆನಪಿಡುವುದು ಒಳ್ಳೆಯದು: 1905ರಿಂದ 1918ರವರೆಗಿನವು ವೆಟರನ್, 1919ರಿಂದ 1930ರವರೆಗಿನವು ವಿಂಟೇಜ್, 1931ರಿಂದ 1945ರವರೆಗಿನವು ಪೋಸ್ಟ್ ವಿಂಟೇಜ್. ಆಯೋಜಕರು ತಮ್ಮದೇ ವಿಂಗಡಣೆಯನ್ನು ಇಟ್ಟುಕೊಂಡಿರಬಹುದಾದ್ದರಿಂದ ಅದನ್ನು ಮೊದಲೇ ಕೇಳಿ ಪಡೆದು, ಪ್ಯಾಡಿನ ಮೇಲಿನ ಮೊದಲ ಹಾಳೆಯಾಗಿ ಇರಿಸಿಕೊಳ್ಳಬೇಕು.

ಪ್ಯಾಡು ಹೇಗಿರಬೇಕು?

ಪರೀಕ್ಷೆಗೆ ಹೋಗುವ ಮಕ್ಕಳಿರುವ ಪ್ರತಿಯೊಂದು ಮನೆಯಲ್ಲಿಯೂ ಪರೀಕ್ಷಾ ಪ್ಯಾಡು ಇದ್ದೇ ಇರುತ್ತದೆ. ಅದೇ ನಮ್ಮ ಕೆಲಸಕ್ಕೂ ಸಾಕು; ಆದರೆ ಚಿಕ್ಕ ಸುಧಾರಣೆಗಳು ಬೇಕು. ಪೇಟೆಯಲ್ಲಿ ಸಿಗುವ ಪ್ಯಾಡುಗಳಲ್ಲಿ ಮೂರು ಬಗೆಗಳಿವೆ. ಒತ್ತಿದ ಕಂದು ರಟ್ಟಿನದು ಹಗುರ, ಅಗ್ಗ ಮತ್ತು ಗಟ್ಟಿ; ಆದರೆ ನೀರು ತಾಗಿದರೆ ಅಂಚು ಉಬ್ಬುತ್ತದೆ. ಪಾರದರ್ಶಕ ಪ್ಲಾಸ್ಟಿಕ್ಕಿನದು ಮಳೆಗೆ ಜಗ್ಗದು. ಆದರೆ ಬಿಸಿಲಿನಲ್ಲಿ ಹೊಳೆದು ಕಣ್ಣು ಕುಕ್ಕುತ್ತದೆ, ಕೈಜಾರಿ ಬಿದ್ದರೆ ಮೂಲೆ ಒಡೆದು ಮೊನಚಾಗುತ್ತದೆ. ಅಲ್ಯೂಮಿನಿಯಮ್ ತಗಡಿನದು, ಅದರಲ್ಲೂ ಒಳಗೆ ಕಾಗದ ಇಡಲು ಪೆಟ್ಟಿಗೆಯಿರುವಂಥದು, ನೋಡಲು ಬಹಳ ಅನುಕೂಲಕರ. ಆದರೆ ಅದನ್ನು ಹಿಡಿದು ಹೊಳಪಿನ ಮಡ್‌ಗಾರ್ಡಿನ ಮೇಲೆ ಬಗ್ಗುವುದು ಅಪಾಯಕರ. ಈ ಕಾರಣಕ್ಕಾಗಿ ಲೋಹದ ಪ್ಯಾಡು ಬೇಡವೇ ಬೇಡ.

ನಮ್ಮ ಸಲಹೆ ಇಷ್ಟು. ಎ4 ಹಾಳೆ, ಅಂದರೆ 210 ಮಿ.ಮೀ. ಅಗಲ ಮತ್ತು 297 ಮಿ.ಮೀ. ಉದ್ದದ ಕಾಗದ ಸುಲಭವಾಗಿ ಕೂರುವ ರಟ್ಟಿನ ಪ್ಯಾಡನ್ನು ಅಪ್ಪಾ ಬಳವಂತ ಚೌಕದ ಯಾವುದಾದರೂ ಅಂಗಡಿಯಿಂದ ತನ್ನಿ. ಪುಸ್ತಕ, ಕಾಗದ, ಲೇಖನ ಸಾಮಗ್ರಿಗಳಿಗೆ ಹೆಸರಾದ ಆ ಚೌಕದಲ್ಲಿ ನಮಗೆ ಬೇಕಾದ ಸಾಮಾನುಗಳಲ್ಲಿ ಬಹುಪಾಲು ಒಂದೇ ಸುತ್ತಿನಲ್ಲಿ ದೊರೆಯುತ್ತವೆ. ಪ್ಯಾಡಿನ ನಾಲ್ಕೂ ಅಂಚುಗಳಿಗೆ ಬಟ್ಟೆಯ ಟೇಪನ್ನು ಸುತ್ತಿ ಅಂಟಿಸಿ. ಹಿಂಬದಿಗೆ ಹಳೆಯ ಉಣ್ಣೆಯ ಬಟ್ಟೆ ಅಥವಾ ಕ್ಯಾರಂ ಕಾಯಿನಷ್ಟಗಲದ ಮೆತ್ತನೆಯ ತುಂಡುಗಳನ್ನು ಅಂಟಿಸಿ. ಮೇಲಿನ ಕ್ಲಿಪ್ಪಿನ ಮೊಳೆಗಳು ಹಿಂದೆ ಉಬ್ಬಿರುತ್ತವೆ. ಅವುಗಳ ಮೇಲೂ ಟೇಪು ಇರಲಿ. ಕೆಳ ತುದಿಯಲ್ಲಿ ಒಂದು ಅಗಲವಾದ ರಬ್ಬರ್ ಬ್ಯಾಂಡ್ ಹಾಕಿದರೆ ಗಾಳಿಗೆ ಕಾಗದ ಹಾರಾಡುವುದಿಲ್ಲ. ಪ್ಯಾಡಿಗೆ ಎರಡು ರಂಧ್ರ ಕೊರೆದು ಹತ್ತಿಯ ಪಟ್ಟಿಯನ್ನು ಕಟ್ಟಿ ಕೊರಳಿಗೆ ಹಾಕಿಕೊಂಡರೆ ಕೈಗಳಿಗೆ ಬಿಡುವು ದೊರೆಯುತ್ತದೆ. ಆದರೆ ವಾಹನದ ಮೇಲೆ ಬಗ್ಗುವಾಗ ತೂಗಾಡುವ ಪ್ಯಾಡನ್ನು ಎದೆಗೆ ಒತ್ತಿ ಹಿಡಿಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಎಷ್ಟೇ ಮೆತ್ತನೆಯದಾದರೂ ಪ್ಯಾಡನ್ನು ಬಾನೆಟ್ಟಿನ ಮೇಲೆ ಇಟ್ಟು ಬರೆಯಬಾರದು.

ಇಷ್ಟು ಎಚ್ಚರ ಏಕೆಂಬುದಕ್ಕೆ ಬಣ್ಣದ ಇತಿಹಾಸವೇ ಉತ್ತರ ಹೇಳುತ್ತದೆ. 1920ರ ದಶಕದ ಮೊದಲು ಕಾರುಗಳಿಗೆ ಕುದುರೆಗಾಡಿಗಳಿಗೆ ಹಚ್ಚುವಂತೆ ಕುಂಚದಿಂದ ಬಣ್ಣ, ವಾರ್ನಿಷ್ ಬಳಿಯುತ್ತಿದ್ದರು. ಆ ದಶಕದ ನಡುವೆ ಡ್ಯೂಪಾಂಟ್ ಕಂಪನಿಯ ‘ಡ್ಯೂಕೋ’ ಎಂಬ ಬೇಗ ಒಣಗುವ ಲ್ಯಾಕರ್ ಬಣ್ಣ ಬಂದಿತು. ನಮ್ಮ ಗ್ಯಾರೇಜುಗಳಲ್ಲಿ ಸಿಂಪಡಿಸುವ ಬಣ್ಣಕ್ಕೆಲ್ಲ ಡ್ಯೂಕೋ ಎನ್ನುವ ರೂಢಿ ಬಂದದ್ದು ಅಲ್ಲಿಂದಲೇ. ಇಂತಹ ಹಳೆಯ ಬಣ್ಣಗಳು ಇಂದಿನ ಕಾರುಗಳ ಬಣ್ಣದಷ್ಟು ಗಡುಸಲ್ಲ. ಮೂಲಬಣ್ಣವನ್ನೇ ಉಳಿಸಿಕೊಂಡಿರುವ ವಾಹನವಾದರೆ ಅಲ್ಲಿ ಬಿದ್ದ ಗೀರನ್ನು ಸರಿಪಡಿಸುವುದೆಂದರೆ ಆ ಮೂಲವನ್ನೇ ಕಳೆದುಕೊಳ್ಳುವುದೆಂದು ಅರ್ಥ.

ಪೆನ್ನು ಮತ್ತು ಅಂಕಪಟ್ಟಿ

ಬರೆಯಲು ಸಾಮಾನ್ಯ ಬಾಲ್ ಪೆನ್ನು ಉತ್ತಮ. ಜೆಲ್ ಪೆನ್ನಿನ ಶಾಯಿ ಬೆವರಿನ ಕೈಗೆ ಅಳಿಸಿ ಹರಡುತ್ತದೆ. ಫೌಂಟನ್ ಪೆನ್ನು ಕುರ್ಚಿಯ ಚರ್ಮದ ಮೇಲೆ ಒಂದು ಹನಿ ಚೆಲ್ಲಿದರೂ ಅನಾಹುತ. ಮುಚ್ಚಳವಿಲ್ಲದ, ಒತ್ತಿದರೆ ತುದಿ ಹೊರಬರುವ ಪ್ಲಾಸ್ಟಿಕ್ ಪೆನ್ನುಗಳು ಎರಡು ಇರಲಿ; ಮುಚ್ಚಳ ಬೀಳುವ ಚಿಂತೆಯಿಲ್ಲ. ಪೆನ್ನನ್ನು ದಾರಕ್ಕೆ ಕಟ್ಟಿ ತೂಗುಬಿಡುವ ಪದ್ಧತಿ ಬ್ಯಾಂಕಿನ ಕೌಂಟರಿಗೆ ಸರಿ, ಇಲ್ಲಿ ಅದು ವಾಹನಕ್ಕೆ ತಾಗುತ್ತದೆ. ಮಳೆಯ ಸೂಚನೆಯಿದ್ದರೆ ಪೆನ್ಸಿಲನ್ನೂ ಜೊತೆಗೆ ಇಟ್ಟುಕೊಳ್ಳಿ. ನೀರು ತಾಗಿದ ಕಾಗದದ ಮೇಲೂ ಪೆನ್ಸಿಲಿನ ಬರಹ ಕದಡುವುದಿಲ್ಲ.

ಅಂಕಪಟ್ಟಿಯಲ್ಲಿ ಮಾಲೀಕರ ಹೆಸರು ಇರದಿರುವುದೇ ಮೇಲು. ವಾಹನಕ್ಕೆ ಕೊಟ್ಟ ಕ್ರಮಸಂಖ್ಯೆ, ತಯಾರಕರ ಹೆಸರು, ಮಾದರಿ, ವರ್ಷ, ವಿಭಾಗ ಇಷ್ಟೇ ಸಾಕು. ಆಯೋಜಕರು ಅಂಕಪಟ್ಟಿ ಕೊಡದಿದ್ದಲ್ಲಿ ನೂರು ಅಂಕಗಳನ್ನು ಹೀಗೆ ಹಂಚಬಹುದು: ಹೊರಮೈ ಮತ್ತು ಬಣ್ಣ 30, ಒಳಾಂಗಣ 20, ಎಂಜಿನ್ 20, ಚಾಸಿ ಮತ್ತು ಟೈರು 15, ಸ್ಟಾರ್ಟ್ ಆಗುವುದು, ದೀಪ, ಹಾರ್ನ್ ಮುಂತಾದ ಚಾಲನೆಯ ಪರೀಕ್ಷೆ 10, ದಾಖಲೆಪತ್ರ 5. ಪ್ರತಿ ಸಾಲಿನ ಎದುರಿಗೆ ಕಾರಣ ಬರೆಯಲು ಎರಡು ಬೆರಳಿನಷ್ಟು ಖಾಲಿ ಜಾಗವಿರಲಿ. ‘ಹೊರಮೈ 24’ ಎಂದು ಬರೆದರೆ ಮಾಲೀಕರಿಗೆ ಏನೂ ತಿಳಿಯದು. ‘ಎಡಬಾಗಿಲಿನ ಕೆಳಗೆ ಬಣ್ಣ ಉಬ್ಬಿದೆ, 2, ಹಿಂದಿನ ಬಂಪರಿನ ಲೇಪ ಸವೆದಿದೆ, 4’ ಎಂದು ಬರೆದರೆ ಕಳೆದ ಆರು ಅಂಕಗಳಿಗೂ ಲೆಕ್ಕ ಸಿಗುತ್ತದೆ, ಮುಂದಿನ ವರ್ಷ ಅವರು ಅದನ್ನು ಸರಿಪಡಿಸಿಕೊಂಡು ಬರಬಹುದು. ಅಂಕ ತಿದ್ದಬೇಕಾದರೆ ಒಂದೇ ಗೆರೆಯಿಂದ ಹೊಡೆದು, ಪಕ್ಕದಲ್ಲಿ ಹೊಸ ಅಂಕ ಬರೆದು, ಚಿಕ್ಕ ಸಹಿ ಹಾಕಬೇಕು. ಬಿಳಿ ಶಾಯಿ ಬಳಿದು ಮುಚ್ಚಿದ ಅಂಕ ಸಂಶಯಕ್ಕೆ ದಾರಿ ಮಾಡುತ್ತದೆ. ಕಾರ್ಬನ್ ಹಾಳೆಯಿಟ್ಟು ಎರಡು ಪ್ರತಿ ಮಾಡಿಕೊಂಡರೆ ಒಂದು ಮೇಜಿಗೆ, ಇನ್ನೊಂದು ತಂಡದ ಮುಖ್ಯಸ್ಥರಿಗೆ.

ಬೆಳಕು, ಕನ್ನಡಿ, ಭೂತಗನ್ನಡಿ

ಎಂಜಿನ್ನಿನ ಸಂದು, ಡ್ಯಾಶ್‌ಬೋರ್ಡಿನ ಅಡಿ, ಚಾಸಿಯ ಕೆಳಭಾಗ ಇವುಗಳನ್ನು ನೋಡಲು ಚಿಕ್ಕ ಎಲ್.ಇ.ಡಿ. ಟಾರ್ಚು ಬೇಕು. ತಪಕೀರ ಗಲ್ಲಿಯ ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ಬಗೆಬಗೆಯವು ದೊರೆಯುತ್ತವೆ. ಹೊರಮೈ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಆಗಿರಲಿ. ಬೆಳಕಿನ ಬಣ್ಣದ ಕಡೆಗೂ ಗಮನವಿರಬೇಕು. ನೀಲಿ ಛಾಯೆಯ ತೀಕ್ಷ್ಣ ಬೆಳಕು ಬೇಡ. ಹಗಲಿನ ಬೆಳಕಿಗೆ ಹತ್ತಿರವಾದ, ತುಸು ಬೆಚ್ಚಗಿನ ಬಿಳಿ ಬೆಳಕು ಬೇಕು. ಇದಕ್ಕೆ ಒಂದು ಉದಾಹರಣೆ ನೋಡೋಣ. ಕಾರಿನ ದೀಪ, ರೇಡಿಯೇಟರ್ ಮುಂತಾದವುಗಳಿಗೆ ಕ್ರೋಮ್ ಲೇಪ ಹಾಕುವುದು 1920ರ ದಶಕದ ಉತ್ತರಾರ್ಧದಲ್ಲಿ ಬಳಕೆಗೆ ಬಂದಿತು. ಅದಕ್ಕೂ ಮೊದಲಿನದು ನಿಕಲ್ ಲೇಪ. ನಿಕಲ್ಲಿನ ಹೊಳಪಿನಲ್ಲಿ ನಸು ಹಳದಿಯಿದೆ, ಕ್ರೋಮಿನ ಹೊಳಪಿನಲ್ಲಿ ನಸು ನೀಲಿಯಿದೆ. 1922ರ ಕಾರಿನ ದೀಪಕ್ಕೆ ಕ್ರೋಮ್ ಲೇಪವಿದ್ದರೆ ಅದು ಮೂಲದ್ದಲ್ಲ. ನೀಲಿ ಟಾರ್ಚಿನ ಬೆಳಕಿನಲ್ಲಿ ಈ ಎರಡರ ವ್ಯತ್ಯಾಸ ಮರೆಯಾಗಿಬಿಡುತ್ತದೆ.

ಹಿಡಿಕೆಯುಳ್ಳ ಚಿಕ್ಕ ಕನ್ನಡಿಯಿದ್ದರೆ ನೆಲದ ಮೇಲೆ ಮಲಗದೆಯೇ ವಾಹನದ ಅಡಿಭಾಗವನ್ನು ನೋಡಬಹುದು. ಮೊಣಕಾಲು ನೋವಿನ ಹಿರಿಯರಿಗೆ ಇದು ದೊಡ್ಡ ಉಪಕಾರ. ಕನ್ನಡಿಯ ಚೌಕಟ್ಟಿಗೂ ಟೇಪು ಸುತ್ತಿರಲಿ. ಭೂತಗನ್ನಡಿ ಎಂಜಿನ್ ಮತ್ತು ಚಾಸಿಯ ಸಂಖ್ಯೆಗಳನ್ನು ಓದಲು, ತಯಾರಕರ ಚಿಕ್ಕ ಫಲಕಗಳ ಅಕ್ಷರ ಬಿಡಿಸಲು ಬೇಕು. ಸ್ಕ್ರೂವಿನ ತಲೆಯೂ ಒಂದು ಸಾಕ್ಷಿಯೇ. ಅಧಿಕ ಚಿಹ್ನೆಯ ಗುಳಿಯಿರುವ ಫಿಲಿಪ್ಸ್ ಸ್ಕ್ರೂಗಳು ಕಾರುಗಳಲ್ಲಿ ಬಳಕೆಗೆ ಬಂದದ್ದು 1930ರ ದಶಕದಲ್ಲಿ. 1928ರ ಕಾರಿನಲ್ಲಿ ಅವು ಕಂಡರೆ ಯಾರೋ ಮುಂದೆ ಜೋಡಿಸಿದ್ದೆಂದು ತಿಳಿಯಬೇಕು. ಹಾಗೆಯೇ ಎರಡನೆಯ ಮಹಾಯುದ್ಧದ ಹಿಂದಿನ ಕಾರಿಗೆ ರೇಡಿಯಲ್ ಟೈರು ಇದ್ದರೆ ಅದು ಮೂಲದ್ದಾಗಿರಲು ಸಾಧ್ಯವಿಲ್ಲ; ಆ ಬಗೆಯ ಟೈರು ಮಾರುಕಟ್ಟೆಗೆ ಬಂದದ್ದೇ ಯುದ್ಧದ ನಂತರ.

ಅಯಸ್ಕಾಂತ ಒಯ್ಯುವ ಅಭ್ಯಾಸ ಕೆಲವರಿಗಿದೆ. ತಗಡಿನ ಮೇಲೆ ಪುಟ್ಟಿ ಮೆತ್ತಿದ ಜಾಗದಲ್ಲಿ ಅಯಸ್ಕಾಂತ ಹಿಡಿಯದೆಂಬುದು ನಿಜ. ಆದರೆ ಕೊಳ್ಳುವವರು ಮಾಡುವ ಈ ಪರೀಕ್ಷೆ ತೀರ್ಪುಗಾರರಿಗೆ ಸಲ್ಲದು. ತೀರ್ಪುಗಾರರು ವಾಹನವನ್ನು ಮುಟ್ಟಬಾರದೆಂಬುದು ಉತ್ತಮ ಸಂಪ್ರದಾಯ. ಬಾನೆಟ್ಟನ್ನು, ಬಾಗಿಲನ್ನು ಮಾಲೀಕರೇ ತೆರೆಯಲಿ, ನಾವು ನೋಡೋಣ.

ಒಂದು ಕನ್ನಡ ನಾಡಿನ ಉದಾಹರಣೆ

ಹಳೆಯ ಬೈಕುಗಳ ಸಾಲಿನಲ್ಲಿ ಪುಣೆಯಲ್ಲಿಯೂ ಜಾವಾ, ಯೆಜ್ಡಿಗಳು ಕಾಣಸಿಗುತ್ತವೆ. ಇವು ನಮ್ಮ ಮೈಸೂರಿನವು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯೊಂದಿಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಈ ಬೈಕುಗಳನ್ನು ತಯಾರಿಸಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಎಂಬ ಹೆಸರಿಗೆ ಅಭಿಮಾನಿಗಳಲ್ಲಿ ಹೆಚ್ಚಿನ ಮೋಹವಿರುವುದರಿಂದ, ನಂತರದ ಯೆಜ್ಡಿಯ ಟ್ಯಾಂಕಿಗೆ ಜಾವಾ ಲಾಂಛನ ಅಂಟಿಸುವ ಆಸೆ ಯಾರಿಗಾದರೂ ಬರಬಹುದು. ದೂರದಿಂದ ನೋಡಿದರೆ ಸುಂದರವಾಗಿಯೇ ಕಾಣುತ್ತದೆ. ಟಾರ್ಚು, ಭೂತಗನ್ನಡಿ ಹಿಡಿದು ಚಾಸಿಯ ಸಂಖ್ಯೆ ಓದಿ, ನೋಂದಣಿ ಪುಸ್ತಕದ ವರ್ಷದೊಡನೆ ತಾಳೆ ನೋಡಿದಾಗ ಮಾತ್ರ ಸತ್ಯ ತಿಳಿಯುತ್ತದೆ. ಪಕ್ಕದಲ್ಲಿಯೇ ಸವೆದ ಬಣ್ಣದ, ಆದರೆ ಎಲ್ಲವೂ ಮೂಲದ್ದೇ ಆದ ಜಾವಾ ನಿಂತಿರುತ್ತದೆ. ಆ ಎರಡರಲ್ಲಿ ಯಾವುದು ಮೇಲೆಂಬುದನ್ನು ಹೇಳುವ ಹೊಣೆ ನಮ್ಮ ಕೈಯಲ್ಲಿರುವ ಕಾಗದದ್ದು. ಬೈಕುಗಳ ತೀರ್ಪಿಗೆ ಎ4ರ ಅರ್ಧದಷ್ಟಿರುವ ಎ5 ಅಳತೆಯ ಚಿಕ್ಕ ಪ್ಯಾಡು ಹೆಚ್ಚು ಅನುಕೂಲ; ಸಾಲಾಗಿ ಒತ್ತೊತ್ತಾಗಿ ನಿಲ್ಲಿಸಿದ ಬೈಕುಗಳ ನಡುವೆ ದೊಡ್ಡ ಪ್ಯಾಡು ಹ್ಯಾಂಡಲಿಗೆ ತಾಗುತ್ತದೆ.

ಉಡುಪು ಮತ್ತು ಹವೆ

ಬೆಲ್ಟಿನ ಬಕ್ಕಲ್, ಕೈಗಡಿಯಾರ, ಉಂಗುರ, ಬಳೆ, ಕೊರಳಿಗೆ ಹಾಕಿದ ಗುರುತಿನ ಚೀಟಿಯ ಲೋಹದ ಕೊಂಡಿ, ಪ್ಯಾಂಟಿನ ಜೇಬಿನ ಮೇಲಿನ ಗುಂಡಿ ಇವೆಲ್ಲ ಬಣ್ಣಕ್ಕೆ ಶತ್ರುಗಳೇ. ಬಕ್ಕಲನ್ನು ಅಂಗಿಯಿಂದ ಮುಚ್ಚಬೇಕು, ಉಳಿದವನ್ನು ತೆಗೆದಿಡಬೇಕು. ಮಹಿಳಾ ತೀರ್ಪುಗಾರರು ಸೀರೆಯ ಸೆರಗನ್ನು ಸಿಕ್ಕಿಸಿಕೊಂಡಿರಬೇಕು, ಪಿನ್ನು ಹೊರಚಾಚದಂತೆ ನೋಡಿಕೊಳ್ಳಬೇಕು. ಎಂಜಿನ್ ಚಾಲನೆಯಲ್ಲಿರುವಾಗ ತಿರುಗುವ ಫ್ಯಾನ್ ಬೆಲ್ಟಿನ ಬಳಿ ಸಡಿಲವಾದ ಬಟ್ಟೆಯೂ, ಕೊರಳಿನ ಪಟ್ಟಿಯೂ ಅಪಾಯಕರ. ಚಾಲನೆಯ ಪರೀಕ್ಷೆಗೆ ಮೊದಲು ಪ್ಯಾಡಿನ ಪಟ್ಟಿಯನ್ನು ಕೊರಳಿನಿಂದ ತೆಗೆಯಲೇಬೇಕು. ಹಳೆಯ ಕಾರ್ಬ್ಯುರೇಟರುಗಳಿಂದ ಪೆಟ್ರೋಲು ಒಸರುವುದುಂಟು. ಬೆಂಕಿ ನಂದಿಸುವ ಸಿಲಿಂಡರ್ ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಳ್ಳಬೇಕು.

ಪುಣೆಯ ಚಳಿಗಾಲದ ಬೆಳಗ್ಗೆ ಗಾಜು ಮತ್ತು ತಗಡಿನ ಮೇಲೆ ಮಂಜಿನ ಹನಿ ಕೂತಿರುತ್ತದೆ. ಅದು ಆರುವ ಮೊದಲು ಬಣ್ಣದ ತೀರ್ಪು ಬೇಡ. ಹನ್ನೊಂದರ ನಂತರ ಬಿಸಿಲು ಏರಿದಂತೆ ಬಿಳಿಯ ಕಾಗದ ಕಣ್ಣು ಕುಕ್ಕುತ್ತದೆ. ಅಂಕಪಟ್ಟಿಯನ್ನು ತಿಳಿ ಹಳದಿ ಅಥವಾ ತಿಳಿ ಹಸಿರು ಕಾಗದದಲ್ಲಿ ಮುದ್ರಿಸಿದರೆ ಓದಲು ಸುಲಭ. ಅಗಲ ಅಂಚಿನ ಟೋಪಿ, ನೀರಿನ ಬಾಟಲಿ, ಕರವಸ್ತ್ರ ಇರಲಿ. ಕಪ್ಪು ಕನ್ನಡಕವನ್ನು ಬಣ್ಣ ನೋಡುವಾಗ ತೆಗೆಯಬೇಕು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಅಭಿಮಾನಿಗಳು ಆಚರಿಸುವ ಅಂತರರಾಷ್ಟ್ರೀಯ ಜಾವಾ ದಿನ ನಮ್ಮ ಮಳೆಗಾಲದ ನಡುವೆಯೇ ಬರುತ್ತದೆ. ಅಂತಹ ಸಂದರ್ಭಗಳಿಗೆ ಪ್ಲಾಸ್ಟಿಕ್ ಪ್ಯಾಡು, ಪೆನ್ಸಿಲು, ಕಾಗದದ ಮೇಲೆ ಹೊದಿಸಲು ಪಾರದರ್ಶಕ ಹಾಳೆ ಬೇಕಾಗುತ್ತವೆ.

ಗಡಿಯಾರ ಮತ್ತು ಮೊಬೈಲು

ನ್ಯಾಯವೆಂದರೆ ಎಲ್ಲರಿಗೂ ಸಮಾನ ಸಮಯ. ನಲವತ್ತು ವಾಹನಗಳಿದ್ದು, ಒಂದೊಂದಕ್ಕೆ ಆರು ನಿಮಿಷ ಕೊಟ್ಟರೆ 240 ನಿಮಿಷ, ಅಂದರೆ ನಾಲ್ಕು ಗಂಟೆ ಬೇಕು. ಮೊದಲ ಹತ್ತು ವಾಹನಗಳಿಗೆ ತಲಾ ಹತ್ತು ನಿಮಿಷ ಕಳೆದರೆ ಉಳಿದ ಮೂವತ್ತಕ್ಕೆ 140 ನಿಮಿಷ ಮಾತ್ರ ಸಿಗುತ್ತದೆ. ತಲಾ ಐದು ನಿಮಿಷವೂ ಆಗದು. ಕೊನೆಯ ಸಾಲಿನಲ್ಲಿ ನಿಂತದ್ದಷ್ಟೇ ಆ ಮಾಲೀಕರ ತಪ್ಪಾಗಿರುತ್ತದೆ. ಆದ್ದರಿಂದ ಸಹಾಯಕರಲ್ಲಿ ಒಬ್ಬರು ಗಡಿಯಾರ ಹಿಡಿದಿರಲಿ. ಆರಂಭದ ಮತ್ತು ಮುಕ್ತಾಯದ ಹೊತ್ತನ್ನು ಅಂಕಪಟ್ಟಿಯಲ್ಲಿ ಬರೆಯಲಿ. ಮನೆಯ ಕಾಲೇಜು ಮಕ್ಕಳಿಗೆ ಇದು ಒಳ್ಳೆಯ ಕೆಲಸ.

ಅಂಕಗಳನ್ನೆಲ್ಲ ಮೊಬೈಲಿನಲ್ಲಿಯೋ ಟ್ಯಾಬ್ಲೆಟ್ಟಿನಲ್ಲಿಯೋ ಬರೆಯಬಾರದೇಕೆ ಎಂದು ಅದೇ ಮಕ್ಕಳು ಕೇಳಿಯಾರು. ಬರೆಯಬಹುದು, ಕೂಡಿಸುವ ತಪ್ಪು ಕಡಿಮೆಯಾಗುತ್ತದೆ. ಆದರೆ ಬಿಸಿಲಿನಲ್ಲಿ ಪರದೆ ಕಾಣದು, ಬ್ಯಾಟರಿ ಮುಗಿಯುತ್ತದೆ, ಸಹಿಯಿರುವ ಕಾಗದದಂತೆ ಎಲ್ಲರ ಮುಂದೆ ಇಟ್ಟು ತೋರಿಸಲೂ ಬಾರದು. ಆದ್ದರಿಂದ ಕಾಗದವೇ ಮುಖ್ಯ ದಾಖಲೆಯಾಗಿರಲಿ. ಪ್ರತಿ ಸಾಲು ಮುಗಿದೊಡನೆ ಅಂಕಪಟ್ಟಿಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ, ಕಾಗದ ಕಳೆದರೂ ಲೆಕ್ಕ ಉಳಿಯುತ್ತದೆ. ವಾಹನದ ಸಂಖ್ಯೆಗಳ ಚಿತ್ರ ತೆಗೆಯುವ ಮೊದಲು ಮಾಲೀಕರ ಒಪ್ಪಿಗೆ ಪಡೆಯಬೇಕು.

ಈ ಕಾಗದದ ಬೆಲೆ

ಪ್ರದರ್ಶನ ಮುಗಿದ ಮೇಲೆ ಅಂಕಪಟ್ಟಿಗಳನ್ನು ಬಿಸಾಡುವುದು ಸರಿಯಲ್ಲ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿಸಿಕೊಂಡಿರುವ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾಗದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳನ್ನು ಆ ನಿಯಮ ವಿಂಟೇಜ್ ಎಂದು ಗುರುತಿಸಿತು. ಹೊಸದಾಗಿ ನೋಂದಣಿಯಾಗುವವುಗಳಿಗೆ ‘ವಿ.ಎ.’ ಅಕ್ಷರಗಳ ಪ್ರತ್ಯೇಕ ಸಂಖ್ಯೆ, ಈಗಾಗಲೇ ನೋಂದಣಿಯಾದವುಗಳಿಗೆ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳುವ ಅವಕಾಶ ದೊರೆಯಿತು. ಇದರಿಂದ ಮೂಲರೂಪವೆಂಬುದು ಹವ್ಯಾಸಿಗಳ ಚರ್ಚೆಯ ವಿಷಯವಾಗಿಯಷ್ಟೇ ಉಳಿಯದೆ ಕಾನೂನಿನ ಮಾತೂ ಆಯಿತು. ಅಂಕಪಟ್ಟಿ ಸರಕಾರಿ ಪ್ರಮಾಣಪತ್ರವೇನಲ್ಲ. ಆದರೂ ತಿಳಿದವರು ನಿಂತು ನೋಡಿ, ಕಾರಣ ಸಹಿತ ಬರೆದಿಟ್ಟ ಒಂದು ಹಾಳೆ ಆ ವಾಹನದ ಅಂದಿನ ಸ್ಥಿತಿಗೆ ಸಾಕ್ಷಿಯಾಗಿ ಉಳಿಯುತ್ತದೆ. ಮುಂದೆ ವಾಹನ ಮಗನ ಕೈಗೆ, ಮೊಮ್ಮಗಳ ಕೈಗೆ ಹೋದಾಗ ಯಾವುದು ಅಜ್ಜನ ಕಾಲದ್ದು, ಯಾವುದು ಆಮೇಲೆ ಸೇರಿದ್ದು ಎಂದು ಅದು ಹೇಳಬಲ್ಲದು.

ಇಲ್ಲಿ ಹೇಳಿದ ಸಲಕರಣೆಗಳಲ್ಲಿ ಹೆಚ್ಚಿನವು ಮನೆಯಲ್ಲಿಯೇ ಇರುವಂಥವು, ಕೊಳ್ಳಬೇಕಾದವು ದುಬಾರಿಯಲ್ಲ. ಎಲ್ಲವನ್ನೂ ಒಂದು ಬಟ್ಟೆಯ ಚೀಲದಲ್ಲಿ ತುಂಬಿಟ್ಟು, ಪ್ರದರ್ಶನದ ಹಿಂದಿನ ರಾತ್ರಿ ಟಾರ್ಚಿನ ಸೆಲ್ಲು, ಪೆನ್ನಿನ ಶಾಯಿ, ಅಂಕಪಟ್ಟಿಗಳ ಎಣಿಕೆ ಇಷ್ಟನ್ನು ಒಮ್ಮೆ ನೋಡಿಕೊಳ್ಳಿ. ವಾಹನಗಳ ಸಂಖ್ಯೆಗಿಂತ ಐದು ಹಾಳೆ ಹೆಚ್ಚಿಗೆ ಇರಲಿ.